ಮಾದರಿ ಬಟ್ಟು

ನನ್ನ ಭಾವ ನೂರಿಪ್ಪತ್ತು ವರ್ಷ ಬದುಕುತ್ತಾರಂತೆ. ಇದನ್ನು ಯಾವ ಜ್ಯೋತಿಷಿಯೂ ಹೇಳಿದ್ದಲ್ಲ, ಅವರೇ ಹೇಳಿಕೊಂಡದ್ದು. ಅದೂ ಊಟಕ್ಕೆ ಬಂದ ನೆಂಟರ ಮುಂದೆ, ಬೇಯಿಸಿದ ಸೊಪ್ಪನ್ನು ಮೆಲುಕು ಹಾಕುವ ನಡುವಿನ ಬಿಡುವಿನಲ್ಲಿ. ಅವತ್ತೇ ನಾನು ಅವರಿಗೆ ನೂರಿಪ್ಪತ್ತು ಎಂದು ನಾಮಕರಣ ಮಾಡಿದೆ. ಅಕ್ಕ ಮೊದಮೊದಲು ಬೈದಳು. ಆಮೇಲೆ ನಾನು ಫೋನಿನಲ್ಲಿ "ನೂರಿಪ್ಪತ್ತು ಮನೇಲಿದ್ದಾರಾ?" ಎಂದರೆ "ಇದ್ದಾರೆ ಕಣೇ, ತಣ್ಣೀರಿನ ತೊಟ್ಟೀಲಿ ಕೂತಿದ್ದಾರೆ" ಎಂದು ಸಲೀಸಾಗಿ ಉತ್ತರ ಕೊಡತೊಡಗಿದಳು.

ನಾನು ಹೆಂಗಸರಿಗೆ ಕಾರು ಕಲಿಸುವವಳು. ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ನಿನ್ನ ಬಾಯಿಗೂ ಅಂಥದೊಂದು ಹಾಕಿಸಬೇಕಿತ್ತು ಎಂದು ಅಕ್ಕ ಹೇಳುತ್ತಾಳೆ. ಇರಲಿ. ದಿನವಿಡೀ ರಸ್ತೆ ಬಿಟ್ಟು ಮೀಟರ್ ನೋಡುತ್ತ ಗಾಡಿ ಓಡಿಸುವವರ ಪಕ್ಕದಲ್ಲಿ ಕೂತು ಜೀವ ಹಿಡಿದುಕೊಳ್ಳುವವಳು ನಾನು. ಭಾವನ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆಯಾಗಿದ್ದರೆ ಅದು ನನ್ನ ಕಸುಬಿನ ದೋಷ.

ಭಾವ ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡಿ ಸೀಲು ಹಾಕುವುದು ಅವರ ಕೆಲಸ. ಅವರು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಅಂಗಡಿಯವರು ತಕ್ಕಡಿ ಒರೆಸಲು ಶುರು ಮಾಡುತ್ತಿದ್ದರು. ಕೂದಲೆಳೆಯಷ್ಟು ವ್ಯತ್ಯಾಸ ಸಿಕ್ಕಿದರೂ ಅವರ ಮುಖದಲ್ಲಿ ಮದುವೆ ಮನೆಯ ಕಳೆ. ನಿವೃತ್ತಿಯ ವರ್ಷ ಇಲಾಖೆಯವರು ಎಲ್ಲರಿಗೂ ಆರೋಗ್ಯ ತಪಾಸಣೆ ಮಾಡಿಸಿದರು. ಆ ವರದಿಯ ಕೊನೆಯಲ್ಲಿ 'ದೇಹದ ವಯಸ್ಸು' ಎಂಬ ಒಂದು ಸಾಲು ಇತ್ತಂತೆ. ಭಾವನಿಗೆ ಆಗ ಅರವತ್ತು. ಅವರ ದೇಹಕ್ಕೆ ಅರವತ್ತೇಳು ಎಂದು ಬರೆದಿತ್ತು. ಜೀವಮಾನವೆಲ್ಲ ಊರವರ ತೂಕ ತಪ್ಪು ಎಂದವರಿಗೆ ನಿನ್ನ ತೂಕವೇ ತಪ್ಪು ಎಂದ ಹಾಗಾಯಿತು. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯ ದಿನ ಕೈಗೆ ಗಡಿಯಾರ ಬಂತು, ಬೆರಳಿಗೆ ನಿದ್ದೆ ಅಳೆಯುವ ಉಂಗುರ ಬಂತು, ತೋಳಿಗೆ ಸಕ್ಕರೆ ಅಳೆಯುವ ಬಿಲ್ಲೆ ಅಂಟಿತು. ಮನೆಯ ಮನುಷ್ಯ ಹೋಗಿ ಪ್ರಯೋಗಶಾಲೆ ಬಂದು ಕೂತಿತು.

ಪರೀಕ್ಷೆಗಳ ಮೇಲೆ ನನಗೆ ಸಿಟ್ಟಿಲ್ಲ, ತಿಳಿದಿರಲಿ. ರಕ್ತ ಸುಳ್ಳು ಹೇಳುವುದಿಲ್ಲ. ಸಕ್ಕರೆ ಏರುತ್ತಿದೆ, ಕೊಬ್ಬು ಏರುತ್ತಿದೆ ಎಂದು ಮೊದಲೇ ಗೊತ್ತಾದರೆ ಮನುಷ್ಯ ತಿದ್ದಿಕೊಳ್ಳಬಹುದು, ಹತ್ತು ವರ್ಷ ನೆಮ್ಮದಿಯಾಗಿ ಓಡಾಡಿಕೊಂಡಿರಬಹುದು. ನನ್ನ ಸಿಟ್ಟು ಏನಿದ್ದರೂ ಓದಲು ಬಾರದವರ ಮೇಲೆ. ಭಾವನಿಗೆ ಬೇಕಾಗಿದ್ದದ್ದು ಆರೋಗ್ಯವಲ್ಲ, ಸೀಲು.

ಸೀಲು ಬೇಕೆಂದರೆ ಯಾವುದಕ್ಕಾದರೂ ಹೋಲಿಸಬೇಕಲ್ಲ. ಇಲ್ಲಿಂದ ಅಕ್ಕನ ಕತೆ ಶುರುವಾಗುತ್ತದೆ.

ಅವರ ಆಫೀಸಿನಲ್ಲಿ ಮಾದರಿ ಬಟ್ಟು ಎಂದು ಒಂದು ಸೆಟ್ಟು ಇರುತ್ತಿತ್ತಂತೆ. ಹಿತ್ತಾಳೆಯ ತೂಕದ ಬಟ್ಟುಗಳು, ಮಖಮಲ್ಲಿನ ಪೆಟ್ಟಿಗೆಯಲ್ಲಿ. ಅವುಗಳಿಂದ ಯಾರೂ ಏನನ್ನೂ ತೂಗುವ ಹಾಗಿಲ್ಲ, ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಬೆವರು ತಾಗಿದರೂ ತೂಕ ಬದಲಾದೀತೆಂದು ಇಕ್ಕಳದಲ್ಲೇ ಎತ್ತಬೇಕು. ಊರಿನ ಬಟ್ಟುಗಳೆಲ್ಲ ಸವೆಯುತ್ತವೆ, ಜಿಡ್ಡು ಹಿಡಿಯುತ್ತವೆ. ಮಾದರಿ ಮಾತ್ರ ಇದ್ದ ಹಾಗೇ ಇರುತ್ತದೆ. ಆದ್ದರಿಂದ ಎರಡರ ನಡುವೆ ವ್ಯತ್ಯಾಸ ಕಂಡರೆ ಬದಲಾಗಿರುವುದು ಅಂಗಡಿಯವನ ಬಟ್ಟು ಎಂದು ಕಣ್ಣು ಮುಚ್ಚಿ ಹೇಳಬಹುದು. ಮೂವತ್ತೈದು ವರ್ಷ ಈ ಒಂದು ಪಾಠದ ಮೇಲೆ ಅನ್ನ ತಿಂದ ಮನುಷ್ಯ, ತನ್ನ ದೇಹದ ತಪಾಸಣೆಗೂ ಒಂದು ಮಾದರಿ ಬಟ್ಟು ಹುಡುಕಿದರು. ಮನೆಯಲ್ಲೇ ಸಿಕ್ಕಿತು. ಅಡುಗೆ ಮಾಡುತ್ತಿತ್ತು.

"ನೀನು ಏನೂ ಬದಲಾಯಿಸಬೇಡ," ಎಂದರಂತೆ ಅಕ್ಕನಿಗೆ. "ನಾನು ಔಷಧಿ, ವ್ಯಾಯಾಮ, ಪಥ್ಯ ಎಲ್ಲಾ ಮಾಡ್ತೀನಿ. ನೀನು ಹೇಗಿದ್ದೀಯೋ ಹಾಗೇ ಇರು. ಮೂರು ತಿಂಗಳಿಗೊಂದು ಸಲ ಇಬ್ಬರದ್ದೂ ರಕ್ತ ಕೊಡೋಣ. ನಿನಗಿಂತ ನಾನು ಎಷ್ಟು ಮೇಲೆ ಹೋದೆ ಅಂತ ನೋಡಿದ್ರೆ ಸಾಕು, ಲೆಕ್ಕ ಸಿಕ್ಕಿಬಿಡುತ್ತೆ."

ಅಕ್ಕ ಇದನ್ನು ನನಗೆ ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇತ್ತು. ಅದನ್ನು ನನಗೆ ಇನ್ನೂ ಸಹಿಸಲಾಗುವುದಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡ ತನ್ನನ್ನೂ ಒಂದು ಕೆಲಸಕ್ಕೆ ಸೇರಿಸಿಕೊಂಡರು ಎಂಬ ಹೆಮ್ಮೆ.

"ಅಂದ್ರೆ ನೀನು ಹಾಳಾಗೋದು ಅವರಿಗೆ ಬೇಕು ಅಂತಾಯ್ತು," ಎಂದೆ.

"ಥೂ, ಏನು ಮಾತಾಡ್ತೀಯೇ. ಇದ್ದ ಹಾಗೇ ಇರು ಅಂದ್ರು ಅಷ್ಟೇ."

ಇದ್ದ ಹಾಗೇ ಇರುವುದೆಂದರೆ ಏನು ಎಂಬುದು ನಿಧಾನವಾಗಿ ತಿಳಿಯಿತು. ಮೇಲಿನ ಮನೆಯ ಹೆಂಗಸರು ಬೆಳಗ್ಗೆ ನಡೆಯಲು ಕರೆದರು. ಭಾವ ಬೇಡವೆಂದರು, ಮಾದರಿ ನಡೆಯುವ ಹಾಗಿಲ್ಲ. ಅಕ್ಕನ ಕಾಲು ಸೆಳೆಯುತ್ತದೆ ಎಂದು ನಾನು ಒಂದು ಶೀಶೆ ವಿಟಮಿನ್ ಮಾತ್ರೆ ತಂದುಕೊಟ್ಟೆ. ಅದು ಬೀರುವಿನ ಮೇಲೆ ಹೋಗಿ ಕೂತಿತು, ಮಾದರಿಗೆ ಏನನ್ನೂ ಸೇರಿಸುವ ಹಾಗಿಲ್ಲ. ಭಾವನ ತಟ್ಟೆಗೆ ಮೊಟ್ಟೆ, ಬಾದಾಮಿ, ಬಣ್ಣಬಣ್ಣದ ಹಣ್ಣು. ಅಕ್ಕ ಮೊದಲಿನಂತೆ ಎಲ್ಲರದ್ದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಿನ್ನುತ್ತಿದ್ದಳು. ಅದನ್ನೂ ಅವರು ಬದಲಾಯಿಸಲು ಬಿಡಲಿಲ್ಲ. ತಳದ ಅನ್ನಕ್ಕೆ ವಿಜ್ಞಾನದ ಗೌರವ ಸಿಕ್ಕಿದ್ದು ಆ ಮನೆಯಲ್ಲೇ ಇರಬೇಕು.

ಒಂದು ವರ್ಷ ಕಳೆದಿರಬಹುದು. ಒಂದು ಮಧ್ಯಾಹ್ನ ಹೋದಾಗ ಅಕ್ಕ ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ನಿಂತೇ ಹತ್ತು ಜನರ ಅಡುಗೆ ಮಾಡುತ್ತಿದ್ದವಳು. ಬಾಯಲ್ಲಿ ಏನೋ ಕಟಕಟ ಸದ್ದು.

"ಏನು ತಿಂತಿದ್ದೀಯ?"

"ಐಸ್."

ಫ್ರಿಜ್ ತೆಗೆದು ನೋಡಿದೆ. ಫ್ರೀಜರಿನ ತುಂಬ ಐಸ್ ತಟ್ಟೆಗಳೇ. "ಯಾಕೋ ಬಾಯಿ ಬೇಡುತ್ತೆ ಕಣೇ, ಬಸುರಿ ಹೆಂಗಸಿನ ಹಾಗೆ," ಎಂದು ನಕ್ಕಳು. ನಗುವಾಗ ತುಟಿ ನೋಡಿದೆ, ಗೋಡೆಯ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಅಂಗೈ ಹಿಡಿದು ಅಗಲಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರಲ್ಲ, ಇಲ್ಲಿ ಅಂಗೈಯೇ ಬಿಳಿಚಿ ಕೂತಿತ್ತು. ಸಿಟ್ಟು ನೆತ್ತಿಗೇರಿ ಹಾಲ್‌ಗೆ ಹೋದೆ. ಭಾವ ಒಂಟಿ ಕಾಲಿನ ಮೇಲೆ ನಿಂತಿದ್ದರು. ಒಂಟಿ ಕಾಲಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರೋ ಅದರ ಮೇಲೆ ಆಯಸ್ಸು ಹೇಳಬಹುದಂತೆ.

"ಭಾವ, ಅಕ್ಕನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ."

"ಯಾಕೆ?"

"ಮುಖ ನೋಡಿದ್ರೆ ಗೊತ್ತಾಗಲ್ವಾ? ಬಿಳಿಚ್ಕೊಂಡಿದ್ದಾಳೆ. ಏದುಸಿರು ಬಿಡ್ತಾಳೆ. ಐಸ್ ತಿಂತಾಳೆ."

"ಐಸ್‌ನಲ್ಲಿ ಕ್ಯಾಲೊರಿ ಇಲ್ಲಮ್ಮ," ಎಂದರು, ಕಾಲು ಇಳಿಸದೆ. "ನೋಡು, ನಿನ್ನ ಅಕ್ಕನಿಗೆ ಮೂರು ತಿಂಗಳಿಗೊಂದು ಸಲ ನಲವತ್ತು ಪರೀಕ್ಷೆ ಮಾಡಿಸ್ತೀನಿ. ನಲವತ್ತು! ನಿನಗೆ ಗೊತ್ತಿರೋ ಯಾವ ಹೆಂಗಸಿಗೆ ಅಷ್ಟು ಆಗುತ್ತೆ ಹೇಳು. ಏನಾದ್ರೂ ಇದ್ದಿದ್ರೆ ಅದರಲ್ಲಿ ಬರ್ತಿರಲಿಲ್ವಾ?"

ನಲವತ್ತು ಪರೀಕ್ಷೆ ಆಗುವವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದರೆ ನಾನೇ ಪೆದ್ದಿ. ಅಕ್ಕನೂ ಅಡುಗೆಮನೆಯಿಂದ "ಬಿಡೇ, ಅವರು ಎಲ್ಲಾ ನೋಡ್ಕೋತಿದ್ದಾರೆ" ಎಂದಳು. ಪರೀಕ್ಷೆಯೇ ಇಲ್ಲದ ಮನೆಯಾಗಿದ್ದರೆ ಯಾವತ್ತೋ ಯಾರಾದರೂ ಅವಳನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗುತ್ತಿದ್ದರು.

ಭಾವ ಸೇರಿಕೊಂಡಿದ್ದ ಒಂದು ಸಂಘವಿತ್ತು, ದೀರ್ಘಾಯುಷ್ಯ ಕೂಟ ಅಂತ. ಒಂದು ಕಾಗದ ಪೆನ್ಸಿಲ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಸೇರುತ್ತಿದ್ದರು. ಒಂದು ಸಲ ಭಾವನದೇ ಭಾಷಣವಿತ್ತು. ಅವರ ಸ್ಕೂಟರ್ ಕೆಟ್ಟಿತ್ತು. ನನ್ನ ಕಾರು ಬೇಕಾಯಿತು. ಅಕ್ಕನೂ ಹೊರಟಳು, ಹೊರಡಲೇಬೇಕು, ಅವಳನ್ನು ತೋರಿಸುವುದಿತ್ತು. ಹಾಲ್‌ಗೆ ಹತ್ತುವ ಮೆಟ್ಟಿಲಲ್ಲಿ ಎರಡು ಸಲ ನಿಂತು ಸೀರೆಯ ನೆರಿಗೆ ಸರಿಮಾಡಿಕೊಂಡಳು. ನೆರಿಗೆ ಸರಿಯಾಗಿಯೇ ಇತ್ತು.

ಆ ಕೂಟದವರನ್ನು ನೀವು ನೋಡಬೇಕು. ಹೇಗಿದ್ದೀರಿ, ಚೆನ್ನಾಗಿದ್ದೀರಾ ಎಂಬ ಮಾತೇ ಇಲ್ಲ. "ನಿಮ್ಮದು ಎಷ್ಟು?" ಎನ್ನುತ್ತಾರೆ, ದೇಹದ ವಯಸ್ಸು. "ಐವತ್ತೆರಡು." "ಅಯ್ಯೋ, ಹೋದ ತಿಂಗಳು ಐವತ್ತೊಂದಿತ್ತಲ್ಲ!" ಎಂದು ಸಾವಿನ ಮನೆಯ ಮುಖ ಮಾಡುತ್ತಾರೆ. ಅಧ್ಯಕ್ಷರು ಒಬ್ಬ ಹಲ್ಲಿನ ಡಾಕ್ಟರು. ಪಕ್ಕದಲ್ಲಿ ನಿವೃತ್ತ ಹೆಡ್‌ಮಿಸ್ಟ್ರೆಸ್, ಅವರ ಪಕ್ಕ ಮನೆ ಕಟ್ಟಿಸುವ ಕಂಟ್ರಾಕ್ಟರು. ಸಕ್ಕರೆಯಿಲ್ಲದ ಟೀ, ಸೌತೆಕಾಯಿ ಹೋಳು. ಎಲ್ಲರೂ ಸಾಯದೇ ಇರುವುದರಲ್ಲಿ ಎಷ್ಟು ಮುಳುಗಿದ್ದರೆಂದರೆ ಬದುಕಲು ಅವರಿಗೆ ಪುರುಸೊತ್ತಿರಲಿಲ್ಲ.

ಭಾವ ಗೋಡೆಯ ಮೇಲೆ ಚಿತ್ರ ಬಿಟ್ಟರು. ಒಂದೇ ಒಂದು ಗೆರೆ, ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ. ತಲೆಬರಹ, 'ಮಾದರಿಗಿಂತ ನಾನು ಎಷ್ಟು ಮೇಲೆ'.

"ಇದು ಹಿಮೋಗ್ಲೋಬಿನ್," ಎಂದರು. "ರಕ್ತದ ಶಕ್ತಿ. ಶುರುವಿನಲ್ಲಿ ನನಗೂ ಮಾದರಿಗೂ ಎರಡು ಅಂಕದ ಅಂತರ. ಇವತ್ತು ಏಳೂವರೆ! ಇನ್ನೊಂದು ನೋಡಿ, ಕೂತಾಗಿನ ನಾಡಿಬಡಿತ. ಮೊದಲು ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ. ಇವತ್ತು ನನ್ನದು ಅವಳಿಗಿಂತ ಮೂವತ್ತೈದು ಕಡಿಮೆ. ಹೃದಯ ಅಷ್ಟು ಗಟ್ಟಿಯಾಗಿದೆ ಅಂತ ಅರ್ಥ."

ಚಪ್ಪಾಳೆ ಬಿತ್ತು. ಹಲ್ಲಿನ ಡಾಕ್ಟರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಕಂಟ್ರಾಕ್ಟರು ಶಿಳ್ಳೆ ಹೊಡೆಯುವುದೊಂದು ಬಾಕಿ.

"ಎಲ್ಲಿ, ನಮ್ಮ ಮಾದರಿ ಸ್ವಲ್ಪ ಎದ್ದು ನಿಲ್ಲಲಿ," ಎಂದು ಭಾವ ತಮಾಷೆ ಮಾಡಿದರು. ಅಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಎದ್ದಳು. ಅವಳಿಗೂ ಚಪ್ಪಾಳೆ. ಅವಳು ನಾಚಿಕೊಂಡು ನಕ್ಕಳು. ಹಿಡಿದುಕೊಂಡ ಕುರ್ಚಿ ಕಟಕಟ ಅಲುಗುತ್ತಿತ್ತು.

ನನಗೆ ವೈದ್ಯಶಾಸ್ತ್ರ ಗೊತ್ತಿಲ್ಲ. ಎರಡು ಗಾಡಿಗಳ ನಡುವಿನ ದೂರ ಹೆಚ್ಚಾಗುತ್ತಿದ್ದರೆ ಮುಂದಿನದು ಓಡುತ್ತಿರಬಹುದು, ಹಿಂದಿನದು ಕೆಟ್ಟು ನಿಲ್ಲುತ್ತಿರಬಹುದು ಎಂಬಷ್ಟು ಗೊತ್ತು. ಎದ್ದು ನಿಂತೆ.

"ಭಾವ, ನೀವು ಮೇಲೆ ಹೋಗಿರೋದಾ, ಅವಳು ಕೆಳಗೆ ಹೋಗಿರೋದಾ?"

"ಮಾದರಿ ಕೆಳಗೆ ಹೋಗಲ್ಲಮ್ಮ. ಅದಕ್ಕೇ ಅದನ್ನ ಮಾದರಿ ಅನ್ನೋದು," ಎಂದು ಸಭೆಯ ಕಡೆ ನೋಡಿ ಮುಗುಳ್ನಕ್ಕರು. ಸಭೆಯೂ ನಕ್ಕಿತು.

"ಅದು ಹಿತ್ತಾಳೆ ಭಾವ, ಇವಳು ಮನುಷ್ಯಳು. ಅಂತರ ಆಮೇಲೆ ಹೇಳಿ. ಅವಳದ್ದು ಎಷ್ಟು? ಅವಳದ್ದೊಂದೇ ಹೇಳಿ."

ಅವರು ಹುಡುಕಬೇಕಾಯಿತು. ಫೋನಿನಲ್ಲಿ ಅತ್ತ ಒತ್ತಿದರು, ಇತ್ತ ಒತ್ತಿದರು. ಅವರ ಲೆಕ್ಕದ ಯಂತ್ರ ಎರಡು ಅಂಕಿಗಳನ್ನು ತಾನೇ ಕಳೆದು ಉಳಿಕೆಯನ್ನಷ್ಟೇ ತೋರಿಸುತ್ತಿತ್ತಂತೆ. ಅಕ್ಕನ ವರದಿ ಬಂದ ಕೂಡಲೇ ಅದರೊಳಗೆ ಸುರಿದು ಮುಚ್ಚಿಬಿಡುತ್ತಿದ್ದರು. ಒಂದೂವರೆ ವರ್ಷದಲ್ಲಿ ಒಂದು ಸಲವೂ ಅದನ್ನು ತೆರೆದು ಓದಿರಲಿಲ್ಲ. ಮಖಮಲ್ಲಿನ ಪೆಟ್ಟಿಗೆಯ ಬಟ್ಟನ್ನು ಮತ್ತೆ ಯಾರು ತೂಗುತ್ತಾರೆ?

"ಏಳು ಪಾಯಿಂಟ್ ನಾಲ್ಕು," ಎಂದು ಓದಿದರು, ಭಾಷಣದ ದನಿಯಲ್ಲೇ.

"ಹೆಂಗಸರಿಗೆ ರಕ್ತ ಕಡಿಮೆ ಇರೋದು ಮಾಮೂಲಿ," ಎಂದರು ಹೆಡ್‌ಮಿಸ್ಟ್ರೆಸ್.

ಹಲ್ಲಿನ ಡಾಕ್ಟರು ಮಾತ್ರ ಬಾಯಿಗೆ ಒಯ್ಯುತ್ತಿದ್ದ ಸೌತೆಕಾಯಿ ಕೆಳಗಿಟ್ಟರು. "ಶುರುವಿನಲ್ಲಿ ಎಷ್ಟಿತ್ತು?"

"ಹನ್ನೆರಡು."

"ಈ ವಯಸ್ಸಲ್ಲಿ ಹೀಗೆ ಇಳಿಯೋ ಹಾಗಿಲ್ಲ. ಎಲ್ಲೋ ರಕ್ತ ಹೋಗ್ತಿದೆ," ಎಂದರು. ಈಗಷ್ಟೇ ಅದಕ್ಕೆ ಚಪ್ಪಾಳೆ ತಟ್ಟಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. "ನಾಳೆ ಬೆಳಗ್ಗೆ ಆಸ್ಪತ್ರೆಗೆ ಕರ್ಕೊಂಡು ಹೋಗಿ."

"ನಾಳೆ ಯಾಕೆ, ಇವತ್ತು ಏನು ಕಡಿದು ಕಟ್ಟೆ ಹಾಕೋದಿದೆ?" ಎಂದೆ. ಅಕ್ಕನನ್ನು ತೋಳು ಹಿಡಿದು ಇಳಿಸಿದೆ. ನನ್ನ ಕಾರಿನ ತಲೆಯ ಮೇಲೆ 'ಕಲಿಯುವವರಿದ್ದಾರೆ, ದೂರವಿರಿ' ಎಂಬ ಫಲಕವಿದೆ. ಹಿಂದಿನ ಸೀಟಿನಲ್ಲಿ ಭಾವ ಫೋನು ಹಿಡಿದು ಕೂತರು. ದಾರಿಯುದ್ದಕ್ಕೂ ಅವರು ಹೇಳಿದ್ದು ಒಂದೇ ಮಾತು. "ಪ್ರಯೋಗಾಲಯದವರದ್ದೇ ತಪ್ಪಿರಬೇಕು."

ತಪ್ಪಿರಲಿಲ್ಲ. ಅಕ್ಕನ ದೊಡ್ಡ ಕರುಳಿನ ಬಲಗಡೆ ಗಡ್ಡೆ ಬೆಳೆದಿತ್ತು. ಅದರಿಂದ ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಒಸರುತ್ತಿತ್ತು. ಐಸಿನ ಚಪಲವೂ ಅದರದೇ, ಮೈಯಲ್ಲಿ ಕಬ್ಬಿಣದಂಶ ಬರಿದಾದರೆ ಕೆಲವರಿಗೆ ಹಾಗಾಗುತ್ತದಂತೆ. ಕಣ್ಣಿಗೆ ಕಾಣದ್ದನ್ನು ಆ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಕೂಗಿ ಕೂಗಿ ಹೇಳಿತ್ತು, ಕೆಂಪು ಅಕ್ಷರದಲ್ಲಿ. ಭಾವ ಆ ಕೂಗನ್ನು ತಮ್ಮ ಜಯಘೋಷ ಮಾಡಿಕೊಂಡಿದ್ದರು.

"ಯಾವಾಗಿಂದ ಸುಸ್ತು?" ಎಂದು ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು. ಅಕ್ಕ ಭಾವನ ಮುಖ ನೋಡಿದಳು. ಭಾವ ಫೋನು ತೆಗೆದು ತಮ್ಮ ಗೆರೆಗಳನ್ನು ತೋರಿಸಲು ಹೋದರು. ಆಕೆ ಆ ಗೆರೆಗಳನ್ನು ನೋಡಿದರು, ಅವರನ್ನು ನೋಡಿದರು. ಆಪರೇಷನ್ ಮಾಡಬೇಕು, ಅದಕ್ಕೆ ಮೊದಲು ರಕ್ತ ಕೊಡಬೇಕು ಎಂದರು.

ರಕ್ತದ ಚೀಲ ಬಂತು. ನರ್ಸ್ ಅದನ್ನು ಕಂಬಕ್ಕೆ ತೂಗುಹಾಕಿ ಕೊಳವೆ ಬಿಡಿಸುತ್ತಿದ್ದಳು. ಆಗ ಭಾವ ಮೆಲ್ಲಗೆ ಅವಳ ಪಕ್ಕ ಹೋಗಿ ನಿಂತರು.

"ಸಿಸ್ಟರ್, ಶುರು ಮಾಡೋಕೆ ಮೊದಲು ಇನ್ನೊಂದು ಚಿಕ್ಕ ಶೀಶೆ ತೆಗೆದುಕೊಡ್ತೀರಾ? ಬೇರೆಯವರ ರಕ್ತ ಸೇರಿದ ಮೇಲೆ ಮಾದರಿ ಕೆಟ್ಟ ಹಾಗೆ. ಹೇಗಿದ್ರೂ ಖಾಲಿ ಹೊಟ್ಟೇಲಿದ್ದಾಳೆ."

ದೇವರಾಣೆ, ಹೀಗೇ ಅಂದರು. ನರ್ಸ್ ನನ್ನ ಕಡೆ ತಿರುಗಿ "ಇವರು ಯಾರು?" ಎಂದಳು. "ಯಾರೋ ಗೊತ್ತಿಲ್ಲ, ಆಚೆ ಕಳಿಸಿ," ಎಂದೆ. ಭಾವ ಆಚೆ ಹೋಗಿ ಕಾರಿಡಾರಿನಲ್ಲಿ ಕೂತು, ತಮ್ಮ ನಾಡಿ ಏರಿರುವುದನ್ನು ಗಡಿಯಾರದಲ್ಲಿ ನೋಡಿಕೊಂಡು, ಕಣ್ಣು ಮುಚ್ಚಿ ಉಸಿರಾಟದ ವ್ಯಾಯಾಮ ಮಾಡಿದರು.

ಅವರು ಹೋದ ಮೇಲೆ ಅಕ್ಕನಿಗೆ ಚೆನ್ನಾಗಿ ಬೈದೆ. ಮೈಯೆಲ್ಲ ಉರಿಯುತ್ತಿತ್ತು, ಯಾರಿಗಾದರೂ ಬೈಯಬೇಕಿತ್ತು. "ನಿನಗೆ ಬಾಯಿ ಇರಲಿಲ್ವಾ? ಸುಸ್ತು ಅಂತ ಹೇಳೋಕೆ ಏನು ದಾಡಿ?"

ಅಕ್ಕ ಚೀಲದಿಂದ ತೊಟ್ಟಿಕ್ಕುವ ರಕ್ತವನ್ನೇ ನೋಡುತ್ತ ಹೇಳಿದಳು. "ರಿಪೋರ್ಟ್ ಬಂದ ದಿನ ಅವರು ಎಷ್ಟು ಖುಷಿಯಾಗಿರ್ತಿದ್ರು ಗೊತ್ತಾ? ಅಂತರ ಹೆಚ್ಚಾಯ್ತು ಅಂತ ನನಗೆ ಹೂವು ತರ್ತಿದ್ರು. ಒಂದು ಸಲ ಸಿನಿಮಾಕ್ಕೂ ಕರ್ಕೊಂಡು ಹೋದ್ರು. ಮದುವೆ ಆದಾಗಿಂದ ಅವರು ನನ್ನಿಂದ ಅಷ್ಟು ಸಂತೋಷಪಟ್ಟಿದ್ದು ನಾನು ನೋಡೇ ಇರಲಿಲ್ಲ. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ ಕಣೇ."

ನಾನು ಆಸ್ಪತ್ರೆಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಪರೇಷನ್ ಆಯಿತು. ಗಡ್ಡೆ ತೆಗೆದರು. ಆದರೆ ಪಕ್ಕದ ಎರಡು ಗ್ರಂಥಿಗಳಿಗೆ ಅದು ಆಗಲೇ ಹಬ್ಬಿತ್ತು. ಆರು ತಿಂಗಳು ನರಕ್ಕೆ ಕ್ಯಾನ್ಸರಿನ ಔಷಧಿ ಹಾಕಿಸಬೇಕು, ಆಮೇಲೆ ನೋಡಬೇಕು ಎಂದರು. ವರ್ಷದ ಹಿಂದೆ ಬಂದಿದ್ದರೆ ಬಹುಶಃ ಆಪರೇಷನ್ ಒಂದರಲ್ಲೇ ಮುಗಿಯುತ್ತಿತ್ತು ಎಂದೂ ಡಾಕ್ಟರಮ್ಮ ಹೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಗಾದೆ ಇದೆ. ಭಾವನಿಗೆ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ. ನೋಡಲು ಬಂದ ನೆಂಟರಿಗೆಲ್ಲ "ನಾನು ಪರೀಕ್ಷೆ ಮಾಡಿಸ್ತಿದ್ದದ್ದಕ್ಕೇ ಗೊತ್ತಾಯ್ತು, ಇಲ್ಲದಿದ್ರೆ ಇಷ್ಟು ಹೊತ್ತಿಗೆ ಕತೆ ಬೇರೆ ಇರ್ತಿತ್ತು" ಎಂದು ಹೇಳುತ್ತಿದ್ದರು. ಕೂಟದಿಂದ ಅವರಿಗೆ ಅಭಿನಂದನೆಯೂ ಬಂತು.

ಆಸ್ಪತ್ರೆಯಿಂದ ಅಕ್ಕನನ್ನು ನಾನು ಸೀದಾ ನನ್ನ ಮನೆಗೆ ಕರೆದುಕೊಂಡು ಬಂದೆ. ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಅವಳಿಗೆ ಮಂಚ ಹಾಕಿದೆ. ಭಾವ ದಿನವೂ ಸಂಜೆ ಬರುತ್ತಿದ್ದರು. ಮೊದಮೊದಲು ಹಣ್ಣು ತಂದರು. ಆಮೇಲೆ "ಮನೆಗೆ ಯಾವಾಗ ಬರ್ತೀಯ?" ಎಂದು ಶುರು ಮಾಡಿದರು. ಅಕ್ಕ "ನೋಡೋಣ" ಎನ್ನುತ್ತಿದ್ದಳು. ಅವಳು ಎಲ್ಲಿ ಹೂಂ ಎಂದುಬಿಡುತ್ತಾಳೋ ಎಂಬುದೊಂದೇ ನನ್ನ ಭಯ. ಮುಂದಿನ ಆರು ತಿಂಗಳು ಅವಳಿಗೆ ಬೇಕಾಗಿದ್ದದ್ದು ಅವಳ ಮುಖ ನೋಡುವ ಒಂದು ಜೊತೆ ಕಣ್ಣು. ಆ ಮನೆಯಲ್ಲಿ ಅದು ಇರಲಿಲ್ಲ, ಉಳಿದ ಉಪಕರಣಗಳೆಲ್ಲ ಇದ್ದವು.

ಮೊದಲ ಸಲ ಔಷಧಿ ಹಾಕಿಸಿಕೊಂಡು ಬಂದ ವಾರ, ಒಂದು ಸಂಜೆ ಭಾವ ಹಟ ಹಿಡಿದರು. ಗಡ್ಡ ಬೋಳಿಸಿರಲಿಲ್ಲ. ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ನಾನು ಅವಳಿಗೆ ಗಂಜಿ ಆರಿಸುತ್ತಿದ್ದೆ.

"ಊರವರೆಲ್ಲ ನನ್ನನ್ನ ಕೇಳ್ತಾರೆ," ಎಂದರು ಭಾವ. "ಹೆಂಡತಿ ಯಾಕೆ ತಂಗಿ ಮನೇಲಿದ್ದಾಳೆ ಅಂತ. ನಾನೇನು ತಪ್ಪು ಮಾಡಿದೆ? ನೀನು ಒಂದು ಮಾತು ಹೇಳಬಹುದಿತ್ತು. ಸುಸ್ತು ಅಂತ ಒಂದೇ ಒಂದು ಮಾತು. ಹೇಳಿದ್ರೆ ನಾನು ಬಿಡ್ತಿದ್ನಾ?"

"ನಿಮಗೆ ಗೊತ್ತಿರಲಿಲ್ವಾ?" ಎಂದಳು ಅಕ್ಕ.

ಭಾವನ ಕೈ ಜೇಬಿನ ಫೋನಿಗೆ ಹೋಯಿತು.

"ಫೋನ್ ಬೇಡ. ನಿಮ್ಮನ್ನೇ ಕೇಳ್ತಿರೋದು. ನಿಮಗೆ ಗೊತ್ತಿರಲಿಲ್ವಾ?"

ನಾನು ಬಾಯಿ ತೆರೆದೆ. ಅಕ್ಕ ನನ್ನ ಕಡೆ ನೋಡದೆಯೇ ಕೈ ಎತ್ತಿ ಸುಮ್ಮನಿರು ಎಂದಳು. ಭಾವ ಇಲ್ಲ ಎಂದುಬಿಡುತ್ತಾರೆ, ಅಕ್ಕ ಪಾಪ ಎಂದು ಕರಗುತ್ತಾಳೆ, ನಾಳೆ ಬೆಳಗ್ಗೆ ಗಂಟುಮೂಟೆ ಕಟ್ಟುತ್ತಾಳೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

"ಮೆಟ್ಟಿಲು ಹತ್ತೋ ಪರೀಕ್ಷೆ ಇತ್ತಲ್ಲ," ಎಂದರು ಕೊನೆಗೆ. "ನಮ್ಮ ಬಿಲ್ಡಿಂಗಿನ ಮೆಟ್ಟಿಲು, ಕೆಳಗಿಂದ ತಾರಸಿವರೆಗೆ, ಇಬ್ಬರೂ ಒಟ್ಟಿಗೆ. ಬೇಸಿಗೇಲಿ. ನೀನು ನಡುವೆ ಕೂತುಬಿಟ್ಟೆ."

"ಹೂಂ. ಕೂತೆ."

"ನೋಡಿದೆ. ತಿರುಗಿ ನೋಡಿದೆ ನಾನು. ಗೋಡೆಗೆ ತಲೆ ಆನಿಸಿಕೊಂಡಿದ್ದೆ ನೀನು. ಸರಿ ಇಲ್ಲ ಅನ್ನಿಸ್ತು. ಆದ್ರೆ ನಿಂತರೆ ನನ್ನ ಟೈಮ್ ಹಾಳಾಗ್ತಿತ್ತು. ಮೇಲೆ ಮುಟ್ಟಿ ಬಂದು ಕೇಳೋಣ ಅಂದ್ಕೊಂಡೆ." ಕೈಯ ಗಡಿಯಾರದ ಪಟ್ಟಿ ತಿರುವಿದರು. "ಮೇಲೆ ಹೋದ್ಮೇಲೆ... ಒಳ್ಳೇ ಟೈಮ್ ಬಂದಿತ್ತು. ಆ ಖುಷೀಲಿ ಮರೆತೇಹೋಯ್ತು."

ಇವರಿಗೆ ಏನೂ ಕಾಣುವುದಿಲ್ಲ ಎಂದುಕೊಂಡೇ ಇಷ್ಟು ದಿನ ನಾನು ಇವರನ್ನು ಹಂಗಿಸಿಕೊಂಡು ಬಂದಿದ್ದೆ. ಕಂಡಿತ್ತು.

ಅಕ್ಕ ದನಿ ಏರಿಸಲಿಲ್ಲ. "ಅವತ್ತು ನಾನು ಸತ್ತೇಹೋಗ್ತೀನಿ ಅಂದ್ಕೊಂಡಿದ್ದೆ ಕಣ್ರೀ. ಕಣ್ಣು ಕತ್ತಲೆ ಕಟ್ಟಿ ಏನೂ ಕಾಣ್ತಿರಲಿಲ್ಲ. ನಿಮ್ಮ ಬೂಟಿನ ಸದ್ದು ಮಾತ್ರ ಕೇಳ್ತಿತ್ತು. ಒಂದು ಸಲ ನಿಂತಿತು. ಬಂದ್ರು, ಇನ್ನು ಹೆದರಿಕೆ ಇಲ್ಲ ಅಂದ್ಕೊಂಡೆ. ಆಮೇಲೆ ಅದು ಮತ್ತೆ ಮೇಲಕ್ಕೆ ಹೋಯ್ತು."

ಗಂಜಿಯ ಬಟ್ಟಲು ನನ್ನ ಕೈಯಲ್ಲೇ ಇತ್ತು. ಅದನ್ನು ಅಕ್ಕನ ಕೈಗೆ ಕೊಟ್ಟೆ.

ಭಾವ ಎದ್ದರು. "ನಾಳೆ ಬರ್ಲಾ?" ಎಂದು ಕೇಳಿದರು, ಮೇಷ್ಟರನ್ನು ಕೇಳುವ ಹಾಗೆ.

"ಬೇಡಿ," ಎಂದಳು ಅಕ್ಕ. "ಮುಂದಿನ ಔಷಧಿಗೂ ಬರಬೇಡಿ. ಇವಳು ಕರ್ಕೊಂಡು ಹೋಗ್ತಾಳೆ."

ಅವರು ಬಾಗಿಲ ಬಳಿ ಬಗ್ಗಿ ಬೂಟಿಗೆ ಕಾಲು ತೂರಿಸಿ, ಲೇಸು ಕಟ್ಟದೆಯೇ ಹೊರಟರು. ನಾನು ಬಾಗಿಲು ಹಾಕಿ ಚಿಲಕ ಸರಿಸಿದೆ. ಹೊರಗೆ ಮೆಟ್ಟಿಲ ಮೇಲೆ ಅವರ ಹೆಜ್ಜೆ ಒಂದೊಂದಾಗಿ ಇಳಿಯತೊಡಗಿತು.

"ಟೀವಿ ಹಾಕೇ," ಎಂದಳು ಅಕ್ಕ. "ಸ್ವಲ್ಪ ಜೋರಾಗಿ."